ಲೇಥ್ ಮೆಷಿನ್ ಯಾರದ್ದು? ಮೇಕರ್‌ಸ್ಪೇಸ್ ಬೋರ್ಡಿಗೆ ನಿಲ್ಲೋರು ತಿಳಿದಿರಬೇಕಾದದ್ದು

2017ರ ನವೆಂಬರಿನಲ್ಲಿ ಟೆಕ್‌ಶಾಪ್ ಅನ್ನೋ ಕಂಪನಿ ಅಮೆರಿಕದ ತನ್ನ ಶಾಖೆಗಳಿಗೆಲ್ಲ ದಿಢೀರನೆ ಬೀಗ ಹಾಕಿತು. 2006ರಲ್ಲಿ ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನಲ್ಲಿ ಶುರುವಾಗಿದ್ದ ಕಂಪನಿ ಅದು. ತಿಂಗಳಿಗಿಷ್ಟು ಅಂತ ಕಟ್ಟಿದರೆ ಲೇಸರ್ ಕಟರ್, ವೆಲ್ಡಿಂಗ್, ಮರಗೆಲಸದ ಯಂತ್ರ ಎಲ್ಲ ಕೈಗೆ ಸಿಗುತ್ತಿತ್ತು. ದುಡ್ಡು ಕೊಟ್ಟವರನ್ನು ‘ಮೆಂಬರ್’ ಅಂತಲೇ ಕರೆಯುತ್ತಿದ್ದರು. ಆದರೆ ಓಟು ಇರಲಿಲ್ಲ. ಕಾನೂನಿನ ಲೆಕ್ಕದಲ್ಲಿ ಅವರು ಗಿರಾಕಿಗಳು ಅಷ್ಟೇ.

ಲಾಭರಹಿತ ಮೇಕರ್‌ಸ್ಪೇಸಿನ ಬೋರ್ಡ್ ಚುನಾವಣೆ ಅಂದ್ರೆ ‘ಕ್ಲಬ್ ಪಾಲಿಟಿಕ್ಸ್’ ಅಂತ ನಗುವವರಿಗೆ ನಾನು ಈ ಕತೆ ಹೇಳ್ತೀನಿ. ಅಲ್ಲಿನ ದತ್ತಿ ಸಂಸ್ಥೆಗೆ ಮಾಲೀಕರಿಲ್ಲ. ಉಳಿದ ಹಣವನ್ನು ಹಂಚಿಕೊಳ್ಳುವಂತಿಲ್ಲ, ಮುಚ್ಚಿದರೆ ಆಸ್ತಿ ಅಂಥದ್ದೇ ಉದ್ದೇಶದ ಕೆಲಸಕ್ಕೆ ಹೋಗಬೇಕು. ಹಾಗಾದರೆ ಲೇಥ್ ಯಾರದ್ದು? ಸಂಸ್ಥೆಯದ್ದು. ಬಾಡಿಗೆ ಕರಾರು, ವಿಮೆ, ಬ್ಯಾಂಕ್ ಖಾತೆಗೆಲ್ಲ ಕೊನೆಗೆ ಹೊಣೆ ಬೋರ್ಡಿನದ್ದು.

ಇಂಥ ಬೋರ್ಡಿಗೆ ನಿಲ್ಲುವವರು ಸಾಮಾನ್ಯವಾಗಿ ಥ್ರೀಡಿ ಪ್ರಿಂಟರ್ ಚೆನ್ನಾಗಿ ರಿಪೇರಿ ಮಾಡೋರು. ಮೆಷಿನ್ ಸರಿಮಾಡಿದ್ರೆ ಸಂಸ್ಥೆಯೂ ಸರಿಹೋಗುತ್ತೆ ಅನ್ನೋದು ಇಂಜಿನಿಯರಿಂಗ್ ಓದಿದ ನಮ್ಮಂಥವರ ಕಾಯಿಲೆ. ಆದರೆ ಸಂಸ್ಥೆ ಕೆಡೋದು ಹೆಚ್ಚಾಗಿ ಕಾಗದದಲ್ಲಿ. ಅಮೆರಿಕದಲ್ಲಿ ತೆರಿಗೆ ವಿನಾಯಿತಿ ಪಡೆದ ಇಂಥ ಸಂಸ್ಥೆ ಪ್ರತಿ ವರ್ಷ ಫಾರ್ಮ್ 990ರ ಯಾವುದಾದರೊಂದು ನಮೂನೆ ಸಲ್ಲಿಸಬೇಕು. ವರಮಾನ ಸಾಮಾನ್ಯವಾಗಿ 50,000 ಡಾಲರ್ ದಾಟದಿದ್ದರೆ ಆನ್‌ಲೈನಿನಲ್ಲಿ ತುಂಬುವ ಪುಟ್ಟ 990-ಎನ್ ಸಾಕು. ಆದರೆ ಅದನ್ನೂ ಸತತ 3 ವರ್ಷ ಮರೆತರೆ ವಿನಾಯಿತಿ ತಾನಾಗಿಯೇ ರದ್ದು. ಖಜಾಂಚಿ ಊರು ಬಿಟ್ಟು ಹೋದ, ಪಾಸ್‌ವರ್ಡ್ ಅವನ ಜೊತೆ ಹೋಯ್ತು ಅಂದ್ರೆ ಸಾಕು, ಇಷ್ಟೆಲ್ಲ ಆಗಬಹುದು.

ಹಾಗಾಗಿ ನಾಮಪತ್ರಕ್ಕೆ ಮುಂಚೆ ಬೈಲಾ ಓದಿ. ತಿಂಗಳ ಚಂದಾ ಕಟ್ಟುವ ಎಲ್ಲರಿಗೂ ಓಟಿದೆಯಾ? ಕೋರಂ ಎಷ್ಟು? ಬೋರ್ಡು ತಾನೇ ಬೈಲಾ ತಿದ್ದಬಹುದಾ? ಆಮೇಲೆ ಬಾಡಿಗೆ ಕರಾರು ಯಾವಾಗ ಮುಗಿಯುತ್ತೆ ಕೇಳಿ. ನನ್ನ ಪ್ರಕಾರ ಪ್ರಣಾಳಿಕೆಯ ಅರ್ಧ ಭಾಗ ಅದೇ ಆಗಬೇಕು. ಗೆದ್ದ ಮೇಲೆ ಕ್ಯಾಲಿಫೋರ್ನಿಯಾದ ನಿರ್ದೇಶಕರಿಗೆ ಒಂದು ಒಳ್ಳೆ ಅಸ್ತ್ರ ಸಿಗುತ್ತೆ: ಸಂಸ್ಥೆಯ ಯಾವ ದಾಖಲೆಯನ್ನಾದರೂ ನೋಡುವ, ನಕಲು ಪಡೆಯುವ ಹಕ್ಕು. ಅದೇ ಕಾನೂನಿನಲ್ಲಿ, ಸಂಸ್ಥೆಯಿಂದ ಸಂಬಳ, ಸಂಭಾವನೆ ಪಡೆಯೋರು ಮತ್ತು ಅವರ ಹತ್ತಿರದ ಬಂಧುಗಳು ಬೋರ್ಡಿನಲ್ಲಿ 49 ಪರ್ಸೆಂಟ್ ಮೀರುವಂತಿಲ್ಲ. ದುಡ್ಡು ತಗೊಂಡು ಲೇಸರ್ ಕ್ಲಾಸ್ ನಡೆಸುವ ಗೆಳೆಯರ ಗುಂಪು ಒಟ್ಟಿಗೆ ಗೆದ್ದು ಬಂದಾಗ ಈ ನಿಯಮದ ಬೆಲೆ ಗೊತ್ತಾಗುತ್ತೆ.

ಬೋರ್ಡಿಗೆ ಅಧಿಕಾರವೇ ಬೇಡ ಅನ್ನುವವರೂ ಇದ್ದಾರೆ. 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದ ನಾಯ್ಸ್‌ಬ್ರಿಡ್ಜ್ ಕಾನೂನಿಗೆ ಬೇಕಂತ ಬೋರ್ಡ್ ಇಟ್ಟುಕೊಂಡಿದೆ, ತೀರ್ಮಾನ ಮಾತ್ರ ವಾರದ ಸಭೆಯ ಒಮ್ಮತದಲ್ಲಿ. ಒಬ್ಬ ಸದಸ್ಯ ಒಪ್ಪದಿದ್ದರೂ ನಿರ್ಣಯ ನಿಂತುಹೋಗಬಹುದು. ಕೇಳೋಕೆ ಚೆಂದ. ಆದರೆ ಸಂಜೆಯೆಲ್ಲ ಸಭೆಯಲ್ಲಿ ಕೂರುವಷ್ಟು ಪುರುಸೊತ್ತು ಯಾರಿಗಿದೆಯೋ ಅವರ ಮಾತು ಅಲ್ಲಿ ನಡೆಯುತ್ತೆ ಅನ್ನೋದು ನನ್ನ ತಕರಾರು.

ನಮ್ಮಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು ಶಾಲೆಗಳ ಒಳಗಿವೆ; ಬೇರೆ ಎಷ್ಟೋ ಜಾಗಗಳು ಕಾಲೇಜು, ಕಂಪನಿಗಳ ಕೈಯಲ್ಲಿವೆ. ಅಲ್ಲೆಲ್ಲ ಬಳಸುವವರಿಗೆ ಓಟಿನ ಪ್ರಶ್ನೆಯೇ ಬರೋದಿಲ್ಲ. ಆದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ 7 ಜನ ಸೇರಿದರೆ ಒಂದು ಸಂಘ ಕಟ್ಟಬಹುದು. ಯಾರು ಸದಸ್ಯರು, ಆಡಳಿತ ಮಂಡಳಿಯ ಅವಧಿ ಎಷ್ಟು ಅಂತ ಬೈಲಾದಲ್ಲಿ ಬರೆಯೋರು ಆ ಏಳು ಜನವೇ.