ಉತ್ತರೀಯದೊಳಗಿನ ಕೈ

ಭಾಷಣ ಸ್ಪರ್ಧೆಯ ತೀರ್ಪುಗಾರರಿಗೆ ಕೊಡುವ ಅಂಕಪಟ್ಟಿಯಲ್ಲಿ ‘ಹಾವಭಾವ’ಕ್ಕೆಂದೇ ಒಂದು ಕಲಂ ಇರುವುದುಂಟು. ಮಾತನಾಡುವವನು ಕೈಯನ್ನು ಎಷ್ಟು ಆಡಿಸಬೇಕೆಂಬ ಈ ಪ್ರಶ್ನೆ ಒಮ್ಮೆ ನ್ಯಾಯಾಲಯದ ಕಟ್ಟೆಯನ್ನೇ ಏರಿತ್ತೆಂದರೆ ಓದುಗರಿಗೆ ವಿಚಿತ್ರವೆನಿಸೀತು. ಅದು ನಡೆದುದು ಪ್ರಾಚೀನ ಗ್ರೀಸಿನ ಅಥೆನ್ಸ್ ನಗರದಲ್ಲಿ.

ಅಲ್ಲಿನ ಹಿರಿಯ ತಲೆಮಾರಿನವರು ಕೈಯನ್ನು ಉತ್ತರೀಯದೊಳಗೆ ಇರಿಸಿಕೊಂಡೇ ಮಾತನಾಡುತ್ತಿದ್ದರೆಂದು ಪ್ರತೀತಿ. ಪೆರಿಕ್ಲಿಸನ ಗಾಂಭೀರ್ಯ ಅಂಥದು. ಕ್ರಿ.ಪೂ. 429ರಲ್ಲಿ ಅವನು ತೀರಿಕೊಂಡ ಮೇಲೆ ಮುಂದಾಳಾದ ಕ್ಲಿಯೋನನು ವೇದಿಕೆಯ ಮೇಲೆ ಅರಚಿ, ಬಟ್ಟೆಯನ್ನು ಎತ್ತಿ ಕಟ್ಟಿ, ತೊಡೆ ತಟ್ಟಿ ಮಾತನಾಡಿದ ಮೊದಲಿಗನೆಂದು ಪ್ರಾಚೀನ ಲೇಖಕರು ದೂರಿದ್ದಾರೆ. ದೂರಿದವರು ಬಹುಮಟ್ಟಿಗೆ ಕುಲೀನರ ಪಕ್ಷಪಾತಿಗಳು; ಕ್ಲಿಯೋನನಾದರೋ ಚರ್ಮ ಹದಮಾಡುವ ಉದ್ಯಮದ ಮನೆತನದವನು. ಈ ದೂರನ್ನು ಸೋಸಿಯೇ ಸ್ವೀಕರಿಸಬೇಕು.

ಕ್ರಿ.ಪೂ. 346ರಲ್ಲಿ ಮ್ಯಾಸಿಡೋನಿಯದ ದೊರೆ ಫಿಲಿಪ್ಪನೊಡನೆ ಅಥೆನ್ಸ್ ಸಂಧಿ ಮಾಡಿಕೊಂಡಿತು. ರಾಯಭಾರಿಯಾಗಿ ಹೋಗಿದ್ದ ಈಸ್ಕಿನಿಸನು ಲಂಚ ತಿಂದನೆಂದು ಡೆಮಾಸ್ತನೀಸ್ ಮತ್ತು ತಿಮಾರ್ಕಸ್ ಮೊಕದ್ದಮೆಗೆ ಅಣಿಯಾದರು. ಈಸ್ಕಿನಿಸನು ಅವರಿಗಿಂತ ಮುಂಚೆಯೇ ತಿಮಾರ್ಕಸನ ಮೇಲೆ ದಾವೆ ಹೂಡಿದ. ದುರ್ನಡತೆಯ ಇವನಿಗೆ ಸಭೆಯಲ್ಲಿ ಮಾತನಾಡುವ ಹಕ್ಕೇ ಇಲ್ಲವೆಂದ. ಇವನು ಮೇಲುವಸ್ತ್ರವನ್ನು ಕಿತ್ತೆಸೆದು, ಸಭೆಯಲ್ಲಿ ಮಲ್ಲನಂತೆ ಕುಣಿದಾಡಿದನೆಂದು ಹಂಗಿಸಿ, ಸಲಾಮಿಸ್‌ನ ಪೇಟೆಯಲ್ಲಿರುವ ಸೋಲನ್ನನ ಪ್ರತಿಮೆಯನ್ನು ನೋಡಿ, ಕೈ ಒಳಗಿದೆ, ನಮ್ಮ ಪೂರ್ವಿಕರು ಮಾತನಾಡುತ್ತಿದ್ದ ರೀತಿ ಅದು ಎಂದು ಸಾಕ್ಷ್ಯ ಕೊಟ್ಟ. ತಿಮಾರ್ಕಸನು ತನ್ನ ನಾಗರಿಕ ಹಕ್ಕುಗಳನ್ನು ಕಳೆದುಕೊಂಡ.

ಕ್ರಿ.ಪೂ. 343ರಲ್ಲಿ ಲಂಚದ ಮೊಕದ್ದಮೆ ಕೊನೆಗೂ ವಿಚಾರಣೆಗೆ ಬಂದಿತು. ಆಗ ಡೆಮಾಸ್ತನೀಸನು ಕೊಟ್ಟ ಉತ್ತರ ಯಾವ ಇತಿಹಾಸದ ಅಧ್ಯಾಪಕನೂ ಮೆಚ್ಚುವಂಥದು. ಸೋಲನ್ನನು ಬಾಳಿದ್ದು ಸುಮಾರು 240 ವರ್ಷಗಳ ಹಿಂದೆ. ಪ್ರತಿಮೆಯನ್ನು ನಿಲ್ಲಿಸಿ 50 ವರ್ಷಗಳೂ ಆಗಿಲ್ಲ. ಕಡೆದ ಶಿಲ್ಪಿಯಿರಲಿ, ಅವನ ಅಜ್ಜನೂ ಸೋಲನ್ನನನ್ನು ಕಂಡವನಲ್ಲ! ಆಧಾರವೊಂದನ್ನು ಅದರ ಕಾಲದಿಂದ ಅಳೆಯುವುದೆಂದರೆ ಇದೇ. ಅಷ್ಟಕ್ಕೇ ಬಿಡದೆ, ಕೈಯನ್ನು ಒಳಗಿರಿಸಿಕೊಳ್ಳಬೇಕಾದದ್ದು ಮಾತನಾಡುವಾಗಲ್ಲ, ರಾಯಭಾರಕ್ಕೆ ಹೋದಾಗ ಎಂದು ಚುಚ್ಚಿದ. ಆದರೂ ಈಸ್ಕಿನಿಸನು ಅಲ್ಪ ಮತಗಳ ಅಂತರದಿಂದ ಪಾರಾದ.

ಕೈಯಾಡಿಸುವುದನ್ನು ಹಳಿದ ಈ ಈಸ್ಕಿನಿಸ್ ಮೊದಲು ರಂಗನಟನಾಗಿದ್ದವನು. ಆಂಗಿಕಾಭಿನಯದ ಬಲವೇನೆಂದು ಬಲ್ಲವನು. ಇತ್ತ ಡೆಮಾಸ್ತನೀಸನು ದೊಡ್ಡ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದನೆಂದು ಪ್ಲುಟಾರ್ಕ್ ಬರೆದಿದ್ದಾನೆ.

ಹರ್ಕ್ಯುಲೇನಿಯಮ್‌ನ ಉತ್ಖನನದಲ್ಲಿ 18ನೆಯ ಶತಮಾನದಲ್ಲಿ ದೊರೆತ ಅಮೃತಶಿಲೆಯ ಪ್ರತಿಮೆಯೊಂದು ನೇಪಲ್ಸ್‌ನ ವಸ್ತುಸಂಗ್ರಹಾಲಯದಲ್ಲಿದೆ. ಮೊದಲು ಅದನ್ನು ಅರಿಸ್ಟೈಡಿಸನದೆಂದು ಭಾವಿಸಿದ್ದರು. ಅದು ಈಸ್ಕಿನಿಸನದೆಂದು ಆಮೇಲೆ ಗೊತ್ತಾಯಿತು. ಅವನ ಬಲಗೈ ಉತ್ತರೀಯದ ಒಳಗಿದೆ.