ಸಾತಾರೆಯ ಬೋರ್ಡಿಂಗೂ ಹಿಡಿಕಾಳೂ

ವಾರಾನ್ನವೆಂಬ ಮಾತು ನಮ್ಮ ಹಿರಿಯರಿಗೆ ಪರಿಚಿತವಾದಷ್ಟು ಇಂದಿನ ಮಕ್ಕಳಿಗೆ ಪರಿಚಿತವಲ್ಲ. ಬಡ ವಿದ್ಯಾರ್ಥಿಯು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ವಾರದ ಏಳು ದಿನ ಏಳು ಮನೆಗಳಲ್ಲಿ ಉಂಡು ವಿದ್ಯೆ ಕಲಿಯುವ ಪದ್ಧತಿಯದು. ಮರಾಠಿ ಸೀಮೆಯಲ್ಲಿ ಮನೆಮನೆಗೆ ಹೋಗಿ ಬೇಯಿಸಿದ ಅನ್ನವನ್ನು ಬೇಡಿ ತರುವ ಮಧುಕರಿಯೂ ಇದರ ಜೊತೆಗೆ ನಡೆದಿತ್ತು. ಈ ಅನ್ನದ ಬಲದಿಂದ ಮುಂದೆ ಬಂದವರು ಅನೇಕರು. ಅದರ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಆ ಅನ್ನಕ್ಕೆ ಜಾತಿಯ ಬೇಲಿಯಿತ್ತು. ಹೊಲದಲ್ಲಿ ದುಡಿದು ಅದೇ ಧಾನ್ಯವನ್ನು ಬೆಳೆದ ರೈತನ ಮಗನಿಗಾಗಲಿ, ಊರ ಹೊರಗಿನ ಕೇರಿಯಿಂದ ಬಂದ ಹುಡುಗನಿಗಾಗಲಿ ವಾರ ಹಚ್ಚಿಕೊಡುವ ಮನೆ ದೊರೆಯುವುದು ದುರ್ಲಭವಾಗಿತ್ತು.

ಈ ಕೊರತೆಯನ್ನು ಮೊದಲು ಮನಗಂಡ ಅರಸರೆಂದರೆ ಕೊಲ್ಹಾಪುರದ ಶಾಹು ಮಹಾರಾಜರು. 1901ರಿಂದ ಮುಂದೆ ಅವರ ಆಶ್ರಯದಲ್ಲಿ ಮರಾಠರಿಗೆ, ಜೈನರಿಗೆ, ಲಿಂಗಾಯತರಿಗೆ, ಮುಸಲ್ಮಾನರಿಗೆ ಬೇರೆ ಬೇರೆ ವಿದ್ಯಾರ್ಥಿನಿಲಯಗಳು ತಲೆಯೆತ್ತಿದವು. 1908ರಲ್ಲಿ ಅಸ್ಪೃಶ್ಯ ವಿದ್ಯಾರ್ಥಿಗಳಿಗಾಗಿ ಮಿಸ್ ಕ್ಲಾರ್ಕ್ ಬೋರ್ಡಿಂಗು ಸ್ಥಾಪನೆಯಾಯಿತು. ಬೇಲಿ ಇನ್ನೂ ಉಳಿದಿತ್ತು. ಆದರೆ ಬೇಲಿಯ ಒಳಗೆ ಎಲ್ಲರಿಗೂ ಒಂದೊಂದು ಮನೆಯಾದರೂ ಸಿಕ್ಕಿತು. ಆ ಕಾಲಕ್ಕೆ ಅದು ಸಣ್ಣ ಸಾಧನೆಯಲ್ಲ.

ಆ ಬೇಲಿಯನ್ನೇ ಕಿತ್ತೊಗೆದ ಪುರುಷರು ಕರ್ಮವೀರ ಭಾವೂರಾವ ಪಾಟೀಲರು. ಅವರು ಮರಾಠಿಗರ ಹಿರಿಯರೆಂದು ನಾವು ದೂರದಿಂದ ಕೈಮುಗಿದು ಸುಮ್ಮನಾಗುವುದುಂಟು. ಹಾಗೆ ಸುಮ್ಮನಾಗಬೇಕಿಲ್ಲ. ಅವರ ಜೈನ ಮನೆತನದ ಮೂಲ ದಕ್ಷಿಣ ಕನ್ನಡದ ಮೂಡಬಿದಿರೆಯೆಂದು ಅವರ ಚರಿತ್ರಕಾರರು ಹೇಳುತ್ತಾರೆ. ಅವರು ಜನಿಸಿದ್ದು 1887ರ ಸಪ್ಟೆಂಬರ 22ರಂದು, ಕೊಲ್ಹಾಪುರ ಸೀಮೆಯ ಕುಂಭೋಜದಲ್ಲಿ. ಅವರ ಕಾರ್ಯಕ್ಷೇತ್ರವಾದ ಸಾತಾರೆಯೂ ನಮಗೆ ಪರಕೀಯವಲ್ಲ. 1949ರಿಂದ 1960ರವರೆಗೆ ನಮ್ಮ ಜತ್ತ ತಾಲೂಕು ದಕ್ಷಿಣ ಸಾತಾರಾ ಎಂಬ ಜಿಲ್ಲೆಯಲ್ಲಿಯೇ ಇತ್ತು, ಅನಂತರ ಅದೇ ಜಿಲ್ಲೆಗೆ ಸಾಂಗಲಿಯೆಂಬ ಹೆಸರು ಬಂದಿತು.

ಕೊಲ್ಹಾಪುರದಲ್ಲಿ ಓದುತ್ತಿದ್ದಾಗ ಈ ತರುಣರು ಇದ್ದುದು ಜೈನ ಬೋರ್ಡಿಂಗಿನಲ್ಲಿ. ಮಿಸ್ ಕ್ಲಾರ್ಕ್ ಬೋರ್ಡಿಂಗಿನ ಸಮಾರಂಭಕ್ಕೆ ಹೋಗಿ ಬಂದವರು ಸ್ನಾನಮಾಡಿ ಶುದ್ಧರಾಗಿ ಒಳಗೆ ಬರಬೇಕೆಂದು ಕಟ್ಟಳೆಯಾಯಿತು. ಇವರು ಸ್ನಾನಕ್ಕೆ ಒಪ್ಪಲಿಲ್ಲ, ಬೋರ್ಡಿಂಗಿನಿಂದ ಹೊರಬೀಳಬೇಕಾಯಿತು. ಮೆಟ್ರಿಕ್ ಸಹ ಮುಗಿಯಲಿಲ್ಲ. ಮುಂದೆ ಸಾತಾರೆಯಲ್ಲಿ ಮನೆಪಾಠ ಹೇಳಿ ‘ಪಾಟೀಲ ಮಾಸ್ತರ’ ಎನಿಸಿಕೊಂಡರು. ಕಿರ್ಲೋಸ್ಕರ ಕಾರಖಾನೆಯ ಕಬ್ಬಿಣದ ನೇಗಿಲುಗಳನ್ನು ಮಾರುತ್ತ ಹಳ್ಳಿಹಳ್ಳಿ ತಿರುಗಿದರು. ನೇಗಿಲು ಮಾರುವವನಿಗೆ ರೈತನ ಅಡಿಗೆಯ ಮನೆಯವರೆಗೂ ಪ್ರವೇಶವುಂಟಷ್ಟೆ. ಆ ಮನೆಗಳಲ್ಲಿ ಏನಿದೆ, ಏನಿಲ್ಲವೆಂಬುದನ್ನು ಅವರು ತಿಳಿದುಕೊಂಡದ್ದು ಈ ತಿರುಗಾಟದಲ್ಲಿಯೇ.

1919ರ ಅಕ್ಟೋಬರದಲ್ಲಿ ಕರಾಡದ ಬಳಿಯ ಕಾಲೇ ಗ್ರಾಮದಲ್ಲಿ ರಯತ ಶಿಕ್ಷಣ ಸಂಸ್ಥೆ ಹುಟ್ಟಿತು. ‘ರಯತ’ ಎಂದರೆ ಬೇರೇನಲ್ಲ, ನಮ್ಮ ‘ರೈತ’ ಎಂಬ ಶಬ್ದವೇ. 1924ರಲ್ಲಿ ಸಾತಾರೆಯ ಬೋರ್ಡಿಂಗು ಆರಂಭವಾಯಿತು. ಅಲ್ಲಿ ಮರಾಠ, ಜೈನ, ಮುಸಲ್ಮಾನ, ಮಹಾರ, ಮಾಂಗ ಹುಡುಗರು ಒಂದೇ ಸೂರಿನಡಿ ಮಲಗಿ, ಒಂದೇ ಒಲೆಯ ಮೇಲೆ ತಾವೇ ಬೇಯಿಸಿದ್ದನ್ನು ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. 1927ರಲ್ಲಿ ಸಾತಾರೆಗೆ ಬಂದ ಗಾಂಧೀಜಿಯವರೇ ಅದಕ್ಕೆ ಛತ್ರಪತಿ ಶಾಹು ಬೋರ್ಡಿಂಗ್ ಹೌಸ್ ಎಂದು ನಾಮಕರಣ ಮಾಡಿದರು.

ಒಲೆಯ ಮೇಲೆ ಏರಿಸಲು ಧಾನ್ಯವೆಲ್ಲಿಂದ? ಇದೇ ಮುಖ್ಯ ಪ್ರಶ್ನೆ. ಶ್ರೀಮಂತರ ದಾನ ಬರುವುದಿತ್ತು, ಬಾರದೆಯೂ ಇರುವುದಿತ್ತು. ಪಾಟೀಲರು ನಂಬಿದ್ದು ಮುಷ್ಟಿ ಫಂಡನ್ನು. ಗೃಹಿಣಿಯು ದಿನವೂ ಮನೆಗೆಂದು ತೆಗೆದ ಕಾಳಿನಲ್ಲಿ ಒಂದು ಹಿಡಿಯನ್ನು ಬೋರ್ಡಿಂಗಿನ ಹುಡುಗರಿಗೆಂದು ಬೇರೆ ಗಡಿಗೆಗೆ ಹಾಕಬೇಕು. ಕೂಡಿದ ಕಾಳನ್ನು ಸಂಗ್ರಹಿಸಿ ತರಬೇಕು. ಒಂದು ಹಿಡಿ ಜೋಳದಿಂದ ಯಾವ ಮನೆಯೂ ಬಡವಾಗದು. ನೂರು ಮನೆಗಳ ಹಿಡಿ ಕೂಡಿದರೆ ಬೋರ್ಡಿಂಗಿನ ಒಂದು ಹೊತ್ತು ಸಾಗುವುದು. ಕೊಟ್ಟವರು ಬಹುಮಟ್ಟಿಗೆ ತಾವೂ ಬಡವರೇ. ಬಡವರ ಮಕ್ಕಳನ್ನು ಬಡವರೇ ಓದಿಸಿದರೆಂಬುದು ಈ ಸಂಸ್ಥೆಯ ನಿಜವಾದ ಇತಿಹಾಸ. ವಾರಾನ್ನದಲ್ಲಿ ಹುಡುಗನು ಮನೆಯ ಬಾಗಿಲಿಗೆ ಹೋಗಿ ನಿಲ್ಲಬೇಕಾಗಿತ್ತು. ಇಲ್ಲಿ ಕಾಳು ಯಾರದೆಂದು ಉಣ್ಣುವವನಿಗೆ ತಿಳಿಯದು, ಉಣ್ಣುವವನ ಜಾತಿ ಯಾವುದೆಂದು ಕೊಟ್ಟವಳಿಗೂ ತಿಳಿಯದು.

ಆದರೂ ಕಾಳು ಸಾಲದ ದಿನಗಳಿದ್ದವು. ಪಾಟೀಲರ ಧರ್ಮಪತ್ನಿ ಲಕ್ಷ್ಮೀಬಾಯಿಯವರು ಕಟ್ಟುನಿಟ್ಟಾದ ಜೈನ ಆಚಾರದಲ್ಲಿ ಬೆಳೆದವರು. ಎಲ್ಲ ಜಾತಿಯ ಹುಡುಗರನ್ನು ಪತಿಯು ಮನೆಗೆ ತಂದಾಗ ಅವರ ಮನಸ್ಸು ಎಷ್ಟು ತೊಳಲಾಡಿರಬೇಕು! ಆದರೆ ಕ್ರಮೇಣ ಆ ಹುಡುಗರಿಗೆಲ್ಲ ಅವರೇ ತಾಯಿಯಾದರು. ಬೋರ್ಡಿಂಗಿನ ಖರ್ಚಿಗೆ ಮೈಮೇಲಿನ ಬಂಗಾರ ಒಂದೊಂದಾಗಿ ಹೋಯಿತು. ಒಮ್ಮೆ ಪತಿಯು ಪರಸ್ಥಳಕ್ಕೆ ಹೋಗಿದ್ದಾಗ ಧಾನ್ಯ ಪೂರ್ತಿ ತೀರಿತು. ಹುಡುಗರು ಉಪವಾಸ ಬೀಳುವ ಪ್ರಸಂಗ. ಆ ತಾಯಿ ಕೊನೆಗೆ ಕೊರಳಲ್ಲಿದ್ದ ಮಂಗಳಸೂತ್ರವನ್ನೇ ತೆಗೆದುಕೊಟ್ಟು ಧಾನ್ಯ ತರಿಸಿದರು. ನಮ್ಮ ಹೆಣ್ಣುಮಕ್ಕಳಿಗೆ ಆ ಒಡವೆಯ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. 1930ರಲ್ಲಿ ಅವರು ತೀರಿಕೊಂಡರು. ಕರ್ಮವೀರರ ಹೆಸರಿನ ಜೊತೆಗೆ ಈ ಹೆಸರನ್ನೂ ಅಷ್ಟೇ ದೊಡ್ಡದಾಗಿ ಬರೆಯಬೇಕೆಂದು ನನ್ನ ಅಭಿಪ್ರಾಯ.

ಹುಡುಗರು ಉಂಡು ಸುಮ್ಮನಿರುತ್ತಿರಲಿಲ್ಲ. ನೀರು ಹೊರುವುದು, ಬೀಸುವುದು, ಅಡಿಗೆ, ಕಸಗುಡಿಸುವಿಕೆ ಸರತಿಯ ಪ್ರಕಾರ ನಡೆಯುತ್ತಿದ್ದವು. ಹೊಲದ ಕೆಲಸ, ಕಟ್ಟಡಕ್ಕೆ ಕಲ್ಲು ಮಣ್ಣು ಹೊರುವ ಕೆಲಸಗಳೂ ಅವರವೇ. ಗಳಿಸುತ್ತ ಕಲಿಯುವ ಈ ಕ್ರಮದ ಮೇಲೆಯೇ 1947ರಲ್ಲಿ ಸಾತಾರೆಯ ಛತ್ರಪತಿ ಶಿವಾಜಿ ಕಾಲೇಜು ನಿಂತಿತು.

ಇನ್ನೂ ಹಿರಿದಾದ ಮಾತೆಂದರೆ, ಕಲಿತವರು ಹಳ್ಳಿಗೆ ಮರಳಿದ್ದು. 1935ರಲ್ಲಿ ಪಾಟೀಲರು ಸಾತಾರೆಯಲ್ಲಿ ಶಿಕ್ಷಕರ ತರಬೇತಿ ವಿದ್ಯಾಲಯವನ್ನು ತೆರೆದರು. ಕೆಲವೇ ವರ್ಷಗಳಲ್ಲಿ ಸಾತಾರೆಯ ಸಮೀಪದ ಯವತೇಶ್ವರದಿಂದ ತೊಡಗಿ, ಸರಕಾರದ ಶಾಲೆಯಿಲ್ಲದ ಊರುಗಳಲ್ಲಿ ಸ್ವಯಂಪ್ರೇರಿತ ಶಾಲೆಗಳು ಆರಂಭವಾದವು. ಗುಡಿಯ ಪೌಳಿಯಾದರೂ ಸರಿ, ಮರದ ನೆರಳಾದರೂ ಸರಿ, ಶಾಲೆ ನಡೆಯಬೇಕು. ಇಂಥ ಶಾಲೆಗಳು ಐನೂರಕ್ಕೂ ಮಿಕ್ಕಿದವು. ಇನ್ನು ಕೆಲವರು ಹೆಚ್ಚಿನ ವಿದ್ಯೆ ಪಡೆದ ಮೇಲೂ ಸಂಸ್ಥೆಯ ಆಜೀವ ಸೇವಕರಾಗಿ ಉಳಿದರು. ಇದೇ ಸಂಸ್ಥೆಯ ಆಶ್ರಯದಲ್ಲಿ ಓದಿದ ಪಿ. ಜಿ. ಪಾಟೀಲರು ವಿಲಾಯತಿಯಲ್ಲಿ ಬ್ಯಾರಿಸ್ಟರರಾಗಿಯೂ ವಕೀಲಿಯ ಹಣಕ್ಕೆ ಮನಸೋಲದೆ ಸಂಸ್ಥೆಯ ಸೇವೆಗೆ ಮರಳಿದರು. ಮುಂದೆ ಕೊಲ್ಹಾಪುರದ ಶಿವಾಜಿ ವಿದ್ಯಾಪೀಠದ ಕುಲಪತಿಗಳಾದರು.

ನಮ್ಮ ಕನ್ನಡ ನಾಡಿನಲ್ಲಿ ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗೆ ಮೊದಲಾದ ಮಠಗಳ ಪ್ರಸಾದನಿಲಯಗಳು ಇಂಥ ಕಾರ್ಯವನ್ನೇ ಮಾಡಿದವು. ಭಕ್ತರ ಹೊಲದ ಧಾನ್ಯವೇ ಅವುಗಳಿಗೂ ಆಧಾರ. ಅಲ್ಲಿ ಮಠದ ಹೆಸರಿಗೆ ಜನ ಕೊಟ್ಟರು. ಸಾತಾರೆಯಲ್ಲಿ ಮಠವೂ ಇಲ್ಲ, ಕಾವಿಯೂ ಇಲ್ಲ, ಗಡ್ಡಬಿಟ್ಟ ಒಬ್ಬ ಗೃಹಸ್ಥರು ಬರಿಗಾಲಲ್ಲಿ ಬಂದು ಕೇಳಿದರು, ಜನ ಕೊಟ್ಟರು.

1959ರ ಮೇ 9ರಂದು ಕರ್ಮವೀರರು ಕಾಲವಶರಾದರು. ಪುಣೆಯ ವಿದ್ಯಾಪೀಠಕ್ಕೆ ಸೇರಿದ ಕಾಲೇಜುಗಳಲ್ಲಿ ಅವರ ಹೆಸರಿನ ‘ಕಮವಾ ವ ಶಿಕಾ’ ಯೋಜನೆ ನಡೆಯುತ್ತಿದೆ. ಕೈಯಲ್ಲಿ ಹಣವಿಲ್ಲದ ಹುಡುಗ ಹುಡುಗಿಯರು ಪಾಠದ ವೇಳೆ ಬಿಟ್ಟು ಗ್ರಂಥಾಲಯದಲ್ಲಿಯೋ, ಪ್ರಯೋಗಶಾಲೆಯಲ್ಲಿಯೋ, ತೋಟದಲ್ಲಿಯೋ ಕೆಲಸಮಾಡಿ, ತಾಸಿನ ಲೆಕ್ಕದಲ್ಲಿ ಕೂಲಿ ಪಡೆದು ತಮ್ಮ ಓದನ್ನು ಸಾಗಿಸುತ್ತಾರೆ.