ಉಚಿತ ಚಿಕಿತ್ಸೆ: ಹಣ ಕೊಡುವವರು ಯಾರು?

'ಉಚಿತ ಚಿಕಿತ್ಸೆ' ಎಂಬ ಮಾತನ್ನು ನೀವು ಕೇಳಿಯೇ ಇರುತ್ತೀರಿ. ಆದರೆ ವೈದ್ಯರಿಗೆ ಸಂಬಳ ಕೊಡಬೇಕು, ಔಷಧಿಗೆ ಬೆಲೆಯಿದೆ, ಆಸ್ಪತ್ರೆಯ ದೀಪ ಉರಿಯಲೂ ಹಣ ಬೇಕು. ಆ ಹಣ ಎಲ್ಲಿಂದ ಬರುತ್ತದೆ? ಈ ಪ್ರಶ್ನೆಗೆ ಬ್ರಿಟನ್ ಕಂಡುಕೊಂಡ ಉತ್ತರದ ಕಥೆ ತಿಳಿಯತಕ್ಕದ್ದು.

ಅಲ್ಲಿ 1911ರ ರಾಷ್ಟ್ರೀಯ ವಿಮಾ ಕಾಯಿದೆಯು ಕಾರ್ಮಿಕರಿಗೆ ವೈದ್ಯರ ನೆರವನ್ನು ಒದಗಿಸಿತು. ವಾರಕ್ಕೆ ಕಾರ್ಮಿಕ 4 ಪೆನ್ನಿ, ಮಾಲೀಕ 3 ಪೆನ್ನಿ, ಸರ್ಕಾರ 2 ಪೆನ್ನಿ ತುಂಬಬೇಕಿತ್ತು. ಆದರೆ ಕಾರ್ಮಿಕನ ಹೆಂಡತಿ ಮಕ್ಕಳಿಗೆ ಈ ನೆರವು ಇರಲಿಲ್ಲ. ಮಗು ಕಾಯಿಲೆ ಬಿದ್ದರೆ, ವೈದ್ಯರನ್ನು ಕರೆಯುವ ಮೊದಲು ಮನೆಯಲ್ಲಿ ಕಾಸೆಷ್ಟಿದೆ ಎಂದು ನೋಡಬೇಕಾಗಿತ್ತು.

ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ವಿಲಿಯಂ ಬೆವರಿಜ್ ನೀಡಿದ ವರದಿಯು ಎಲ್ಲರಿಗೂ ಆರೋಗ್ಯ ಸೇವೆ ದೊರೆಯಬೇಕೆಂದಿತು. ಹುಡುಗನಾಗಿದ್ದಾಗ ಕಲ್ಲಿದ್ದಲ ಗಣಿಯಲ್ಲಿ ದುಡಿದಿದ್ದ ಅನ್ಯೂರಿನ್ ಬೆವನ್ ಮುಂದೆ ಆರೋಗ್ಯ ಸಚಿವರಾದರು. 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಅದರ ಖರ್ಚಿನ ಬಹುಪಾಲು ಸಾಮಾನ್ಯ ತೆರಿಗೆಯಿಂದ ಬಂತು. ವಿಮಾ ವಂತಿಗೆಯದು ಸಣ್ಣ ಪಾಲು.

ಇಲ್ಲಿ ಗಮನಿಸಿ: ಖರ್ಚು ಮಾಯವಾಗಲಿಲ್ಲ, ಅದನ್ನು ಹೊರುವ ಹೆಗಲು ಮತ್ತು ಹೊರುವ ಕಾಲ ಬದಲಾದವು. ರೋಗಿ ಹಾಸಿಗೆ ಹಿಡಿದಾಗ ಒಬ್ಬನೇ ತೆರಬೇಕಾಗಿದ್ದ ಹಣವನ್ನು, ಆರೋಗ್ಯವಾಗಿದ್ದು ದುಡಿಯುವ ಕಾಲದಲ್ಲಿ ಎಲ್ಲರೂ ಸೇರಿ ತೆರಿಗೆಯಾಗಿ ತೆರತೊಡಗಿದರು.

ಆತಂಕವೂ ಹುಟ್ಟಿತು. ಕನ್ನಡಕ, ಕೃತಕ ಹಲ್ಲುಗಳಿಗೆ ಜನ ಮುಗಿಬಿದ್ದರು. ಖರ್ಚು ಅಂದಾಜನ್ನು ಮೀರಿತು. 1951ರಲ್ಲಿ ಕೊರಿಯಾ ಯುದ್ಧದ ಹಿನ್ನೆಲೆಯಲ್ಲಿ ರಕ್ಷಣಾ ವೆಚ್ಚ ಏರಿದಾಗ, ಕನ್ನಡಕಕ್ಕೂ ಕೃತಕ ಹಲ್ಲಿಗೂ ಶುಲ್ಕ ವಿಧಿಸಲು ಸರ್ಕಾರ ನಿರ್ಧರಿಸಿತು. ಇದನ್ನೊಪ್ಪದ ಬೆವನ್ ಸಚಿವ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. 1952ರಲ್ಲಿ ಔಷಧಿ ಚೀಟಿಗೂ 1 ಶಿಲ್ಲಿಂಗ್ ಶುಲ್ಕ ಬಂತು.

ಹಾಗಾದರೆ ಈ ಸೇವೆ ದೇಶವನ್ನು ಮುಳುಗಿಸುತ್ತಿತ್ತೇ? ಇದನ್ನು ಪರಿಶೀಲಿಸಿದ ಗಿಲ್ಬೋ ಸಮಿತಿ 1956ರಲ್ಲಿ ವರದಿ ನೀಡಿತು. ಸೇವೆಯ ವೆಚ್ಚ 1949–50ರಲ್ಲಿ ರಾಷ್ಟ್ರೀಯ ಆದಾಯದ ಶೇ. 3.75ರಷ್ಟಿತ್ತು, 1953–54ರಲ್ಲಿ ಅದು ಶೇ. 3.25ಕ್ಕೆ ಇಳಿದಿತ್ತು. ಖರ್ಚಾದ ಪೌಂಡುಗಳ ಸಂಖ್ಯೆ ಹೆಚ್ಚಿದ್ದರೂ ದೇಶದ ಆದಾಯ ಅದಕ್ಕಿಂತ ವೇಗವಾಗಿ ಬೆಳೆದಿತ್ತು. ಬರಿಯ ಮೊತ್ತವನ್ನು ನೋಡಿ ಹೆದರುವುದಕ್ಕೂ, ಆದಾಯದೊಡನೆ ಹೋಲಿಸಿ ಲೆಕ್ಕ ಹಾಕುವುದಕ್ಕೂ ಇರುವ ಅಂತರ ಇದು.

ಶುಲ್ಕದ ವಾದ ಇಂದಿಗೂ ಮುಗಿದಿಲ್ಲ. ವೇಲ್ಸ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್‌ಗಳಲ್ಲಿ ಔಷಧಿ ಚೀಟಿಗೆ ಶುಲ್ಕವಿಲ್ಲ. ಇಂಗ್ಲೆಂಡಿನಲ್ಲಿ ಹಲವರಿಗೆ ವಿನಾಯಿತಿಯಿದ್ದರೂ ಶುಲ್ಕ ಉಳಿದಿದೆ.

ನಮ್ಮ ದೇಶದಲ್ಲೂ ಈ ವಿಚಾರ ಹೊಸದಲ್ಲ. ಹಣ ಕೊಡಲಾರದವನೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದೆಂದು 1946ರಲ್ಲೇ ಭೋರ್ ಸಮಿತಿ ಹೇಳಿತ್ತು.

ಮುಂದೆ ತೆರಿಗೆ ಹೆಚ್ಚೋ ಕಡಿಮೆಯೋ ಎಂಬ ಚರ್ಚೆ ಕೇಳಿದಾಗ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ತೆರಿಗೆಯಲ್ಲಿ ಕೊಡದಿದ್ದರೆ, ಅದೇ ಹಣವನ್ನು ಯಾರು, ಯಾವಾಗ, ಯಾವ ಸ್ಥಿತಿಯಲ್ಲಿ ಕೊಡಬೇಕಾಗುತ್ತದೆ?